ಊರು: ಉಚ್ಚಾರ ಒಂದು, ಬೇರು ಹಲವು

ತಾಯಲೂರು, ಬೆಂಗಳೂರು, ನೆಲ್ಲೂರು, ವೇಲೂರು. ಮೂರು ರಾಜ್ಯಗಳಲ್ಲಿ ಹರಡಿರುವ ಈ ಹೆಸರುಗಳ ಕೊನೆಯಲ್ಲಿರೋ ಪದ ಒಂದೇ. ಕನ್ನಡ, ತುಳು, ತೆಲುಗಿನ 'ಊರು', ತಮಿಳು, ಮಲಯಾಳದ 'ಊರ್' ಒಂದೇ ದ್ರಾವಿಡ ಮೂಲದವು. ಇಷ್ಟು ಗಟ್ಟಿ. ಇದರ ಮುಂದಕ್ಕೆ ಹೋಗಿ, ಸುಮೇರಿನ 'ಉರ್' ನಗರವೂ ನಮ್ಮ ಊರೇ ಅಂತ ಹೇಳುವವರು ಬಹಳ ಜನ. ಅಲ್ಲಿಗೆ ಹೋಗೋ ಮೊದಲು ಕನ್ನಡದೊಳಗೇ ಎಷ್ಟು 'ಊರು' ಇವೆ ನೋಡೋಣ.

ವಾಸದ ಊರು ಒಂದು. ಬಾವಿಯಲ್ಲಿ, ಬಾಯಲ್ಲಿ ನೀರು 'ಊರು'ವುದು ಎರಡನೆಯದು. ಕಾಲು 'ಊರು'ವುದು, 'ಊರುಗೋಲು' ಮೂರನೆಯದು. ತೊಡೆ ಎಂಬ ಅರ್ಥದ ಸಂಸ್ಕೃತದ 'ಊರು' ನಾಲ್ಕನೆಯದು. ಭಾಸನ 'ಊರುಭಂಗ' ನಾಟಕದ ಹೆಸರಲ್ಲಿರೋದು ಇದೇ.

ಜನ ಕಾಲೂರಿದ ಜಾಗವೇ ಊರು ಅಂದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಹಳಗನ್ನಡದ ಅಕ್ಷರ ಇದನ್ನು ಒಪ್ಪುವುದಿಲ್ಲ. ವಾಸದ 'ಊರ್' ಸಾಮಾನ್ಯ ರಕಾರದ್ದು. ನೀರಿನ 'ಊಱು', ಕಾಲಿನ 'ಊಱು' ಎರಡೂ ಶಕಟರೇಫದವು. ಪಕ್ಕದ ತಮಿಳಿನಲ್ಲಿ ಈ ಮೂರೂ ಇಂದಿಗೂ ಬೇರೆ ಬೇರೆ: ಊರ್, ಊಱು, ಊನ್ಱು. ತಮಿಳಿನ 'ಮೂನ್ಱು' ಕನ್ನಡದಲ್ಲಿ 'ಮೂಱು' ಆಗಿ ಆಮೇಲೆ 'ಮೂರು' ಆದಂತೆಯೇ 'ಊನ್ಱು' ಇಲ್ಲಿ 'ಊಱು' ಆಗಿ 'ಊರು' ಆಯಿತು. ಕೋಲಾರದ ಗಡಿಯ ತೆಲುಗು ಮನೆಗಳ 'ಊರಗಾಯ', ತಮಿಳರ 'ಊಱುಗಾಯ್' ಅಂದರೆ ಉಪ್ಪಿನಕಾಯಿ. ಅದು ರಸದಲ್ಲಿ ಊರಿದ ಕಾಯಿ. ಊರಿಗೂ ಅದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ಱ ಮರೆಯಾದ ಮೇಲೆ ಬೇರೆ ಬೇರೆ ಪದಗಳು ಒಂದೇ ವೇಷ ಹಾಕಿಕೊಂಡವು, ಅಷ್ಟೇ.

ಈಗ ಸುಮೇರ್. ಆ ನಗರದ ಸುಮೇರಿಯನ್ ಹೆಸರು 'ಉರಿಮ್'. 'ಉರ್' ಎಂಬ ಮೋಟು ರೂಪ ನಮಗೆ ಪರಿಚಯವಾದದ್ದು ಹೀಬ್ರೂ ಬೈಬಲ್ ಮೂಲಕ. ಸುಮೇರಿಯನ್ನಿನಲ್ಲಿ ನಗರಕ್ಕೆ 'ಉರು' ಅಥವಾ 'ಇರಿ' ಎಂಬ ಪದವಿದೆ, ನಿಜ. ಆದರೆ ಅದೇ ಭಾಷೆಯಲ್ಲಿ 'ಉರ್' ಅಂದರೆ ನಾಯಿ. ಬಾಸ್ಕ್ ಭಾಷೆಯಲ್ಲಿ 'ಉರ್' ನೀರು, ಹಂಗೇರಿಯನ್ನಿನಲ್ಲಿ 'ಊರ್' ಒಡೆಯ, ಸ್ವೀಡಿಷಿನಲ್ಲಿ ಗಡಿಯಾರ, ಜರ್ಮನ್ನಿನಲ್ಲಿ 'ಆದಿಯ, ಮೂಲದ' ಎಂಬ ಅರ್ಥ ಕೊಡುವ ಉಪಸರ್ಗ. ಒಂದು ಸ್ವರ, ಒಂದು ವ್ಯಂಜನದ ಪದಕ್ಕೆ ಇಂಥ ಹೋಲಿಕೆ ಎಲ್ಲಿ ಬೇಕಾದರೂ ಸಿಕ್ಕೀತು. ನಂಟು ಸಾಬೀತಾಗಬೇಕಾದರೆ ಒಂದೇ ನಿಯಮಕ್ಕೆ ಹತ್ತಾರು ಪದಗಳು ಒಗ್ಗಬೇಕು. 'ಮೂನ್ಱು, ಮೂಱು' ಜೋಡಿಯ ಬಲ ಇರುವುದು ಅಲ್ಲೇ.

ಶಾಸನ ಓದುವವರಿಗೆ ಇದಕ್ಕಿಂತ ಹತ್ತಿರದ ಸಮಸ್ಯೆಯೊಂದಿದೆ. ವಾಸದ 'ಊರ್' ಎಂದು ಖಚಿತವಾದ ಮೇಲೂ ಅರ್ಥ ಒಂದೇ ಅಲ್ಲ. ವೀರಗಲ್ಲುಗಳ 'ಊರೞಿವು' ಅಂದರೆ ಊರಿನ ಮೇಲೆ ಬಿದ್ದ ದಾಳಿ, ನಾಶ. ಅಲ್ಲಿ ಊರು ಅಂದರೆ ಮನೆ, ದನ, ಜನ. ಚೋಳರ ತಮಿಳು ಶಾಸನಗಳಲ್ಲಿ 'ಊರ್' ಒಂದು ಸಭೆಯ ಹೆಸರೂ ಹೌದು: ಬ್ರಹ್ಮದೇಯದಲ್ಲಿ 'ಸಭೆ', ವರ್ತಕರ ಪಟ್ಟಣದಲ್ಲಿ 'ನಗರಂ', ಒಕ್ಕಲುಗಳ ಗ್ರಾಮದಲ್ಲಿ 'ಊರ್'. ಕೋಲಾರ ಜಿಲ್ಲೆಯಲ್ಲಿ ಚೋಳರ ತಮಿಳು ಶಾಸನಗಳು ಧಾರಾಳ. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟ ತಿರುವಿದರೆ ಗೊತ್ತಾಗುತ್ತದೆ. ಅಂಥ ಕಲ್ಲಿನಲ್ಲಿ 'ಊರ್' ಭೂಮಿ ಮಾರಿತು ಎಂದಿದ್ದರೆ, ಅದನ್ನು ಬರೀ 'ಹಳ್ಳಿ' ಅಂತ ಓದಿದಾಗ ಕೂತು ತೀರ್ಮಾನ ಮಾಡಿದ ರೈತರೇ ಚರಿತ್ರೆಯಿಂದ ಮಾಯವಾಗ್ತಾರೆ. ನಮ್ಮ ಮಾತಿನಲ್ಲಿ ಆ ಅರ್ಥ ಇನ್ನೂ ಜೀವಂತ: 'ಊರು ಒಪ್ಪಬೇಕಲ್ಲ' ಅಂತೀವಿ.

ಊರಹೆಸರಿನ ಕಥೆಗಳಿಗೂ ಇದೇ ಎಚ್ಚರಿಕೆ ಬೇಕು. 'ಬೆಂದಕಾಳೂರು' ಕಥೆಯ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ವೀರಗಲ್ಲು ಸುಮಾರು 890ರಲ್ಲೇ ಬೆಂಗಳೂರಿನ ಕಾಳಗವನ್ನು ಹೆಸರಿಸಿದೆ. ತಾಯಲೂರನ್ನು 'ತಾಯಿಯ ಊರು' ಅನ್ನಲು ಮನಸ್ಸು ಹಾತೊರೆಯುತ್ತದೆ. ಆದರೆ ತಾಯಿ, ಊರು ಸೇರಿದರೆ ತಾಯೂರು ಆಗಬೇಕು. ನಡುವಿನ ಲಕಾರಕ್ಕೆ ಆ ಕಥೆಯಲ್ಲಿ ಜಾಗವಿಲ್ಲ. ಊರಿನ ಹೆಸರು ಬಿಡಿಸುವವರು ಮೊದಲು ಆ ಲಕಾರಕ್ಕೆ ಉತ್ತರ ಕೊಡಲಿ.