ಲೆಕ್ಕ ಕೇಳುವವರ ಚರಿತ್ರೆ

ಕೆದಂಬಾಡಿ ಅಂದಕೂಡಲೆ ರಾಮಯ್ಯ ಗೌಡರ ಹೆಸರು ಬಾಯಿಗೆ ಬರುತ್ತದೆ. 1834ರಲ್ಲಿ ಕೊಡಗನ್ನು ನುಂಗಿದ ಕಂಪನಿ ಸರ್ಕಾರ, ಅದರ ಕೈಕೆಳಗಿದ್ದ ಪುತ್ತೂರು, ಅಮರ ಸುಳ್ಯದ ಸೀಮೆಗಳನ್ನು ಕನ್ನಡ ಜಿಲ್ಲೆಗೆ ಸೇರಿಸಿತು. ಬೆಳೆಯಲ್ಲಿ ಅಳೆದುಕೊಡುತ್ತಿದ್ದ ಕಂದಾಯವನ್ನು ಇನ್ನು ಮೇಲೆ ರೊಕ್ಕದಲ್ಲೇ ಕಟ್ಟಿ ಅಂತು. ರೊಕ್ಕ ಇದ್ದದ್ದು ಸಾಹುಕಾರನ ಪೆಟ್ಟಿಗೆಯಲ್ಲಿ. 1837ರ ದಂಗೆಗೆ ಇದೂ ಒಂದು ಕಾರಣ. ಏಪ್ರಿಲ್‌ನಲ್ಲಿ ದಂಡು ಮಂಗಳೂರನ್ನೇ ಹಿಡಿಯಿತು. ಕಂಪನಿ ನೇಣುಗಂಬದಲ್ಲಿ ಉತ್ತರ ಕೊಟ್ಟಿತು.

ಆ ಕಂದಾಯದ ಬೆಳೆಯನ್ನು ಕೆಸರಲ್ಲಿ ನಿಂತು ಬೆಳೆದವರು ಯಾರು? ಮುಗೇರರು, ಮೇರರು, ಮೂಲದಾಳುಗಳು. ಕಂದಾಯದ ಪುಸ್ತಕದಲ್ಲಿ ಇವರ ಹೆಸರಿಲ್ಲ. ಧಣಿಯ ಪುಸ್ತಕದಲ್ಲಿ ಮಾತ್ರ ಇತ್ತು, ಸಾಲಗಾರರಾಗಿ. ಬರೆದವನು ಅವನು, ಹೆಬ್ಬೆಟ್ಟು ಒತ್ತಿದವರು ನಾವು. ‘ಇದು ಹೆಂಗೆ ಇಷ್ಟಾಯ್ತು?’ ಅಂತ ಕೇಳುವ ಬಾಯಿ ನಮಗಿರಲಿಲ್ಲ. ಆ ಜೀತದ ಸಾಲವನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ.

ಕರೆಂಟಿನ ಚರಿತ್ರೆಯೂ ಹೀಗೇ ಇದೆ. 1902ರಲ್ಲಿ ಶಿವನಸಮುದ್ರದಿಂದ ತಂತಿ ಹೊರಟದ್ದು ಕೋಲಾರದ ಚಿನ್ನದ ಗಣಿಗೆ. ನೆಲದ ಹೊಟ್ಟೆಯಲ್ಲಿ ಬಂಡೆ ಒಡೆದವರಲ್ಲಿ ಬಹುಪಾಲು ನಮ್ಮ ಜನ. ಅವರು ಅಗೆದ ಚಿನ್ನ ಲಂಡನ್ನಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಹಟ್ಟಿ, ಕೇರಿಗಳಿಗೆ?

1943ರಲ್ಲಿ, ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ ವಿದ್ಯುತ್ ನೀತಿ ಸಮಿತಿಯ ಮುಂದೆ ಒಂದು ಮಾತಿಟ್ಟರು: ದೇಶ ಬಡತನದಿಂದ ಬಿಡುಗಡೆಯಾಗಬೇಕಾದರೆ ಕೈಗಾರಿಕೆ ಬೇಕು, ಅದಕ್ಕೆ ಅಗ್ಗದ, ಹೇರಳ ವಿದ್ಯುತ್ತು ಬೇಕು. ವಿದ್ಯುತ್ತು ಉಳ್ಳವರ ಸೊಗಸಲ್ಲ, ಇಲ್ಲದವರ ಬಿಡುಗಡೆಯ ಸಾಧನ ಅಂತ ನಾವು ಇದನ್ನು ಓದಿಕೊಳ್ಳುತ್ತೇವೆ.

ನಮ್ಮ ಗುಡಿಸಲುಗಳಿಗೆ ಭಾಗ್ಯಜ್ಯೋತಿ ಬಂದದ್ದು 1980ರ ಸುಮಾರಿಗೆ. ಒಂದೇ ಬಲ್ಬು. ತಿಂಗಳಿಗೆ 18 ಯೂನಿಟ್ಟು, ಎಷ್ಟೋ ವರ್ಷದ ಮೇಲೆ 40. ಮಿತಿ ದಾಟಿದರೆ ಮಾಮೂಲಿ ಮನೆಗಳ ದರ. ಮಗು ಓದಲಿ ಅಂತ ಇನ್ನೊಂದು ಬಲ್ಬು ಹಾಕಿದರೂ ‘ಭಾಗ್ಯ’ ಕೈಬಿಡುತ್ತಿತ್ತು. ಬಿಲ್ಲನ್ನು ಓದುವವರಿಲ್ಲ, ಸೂರಿಗೆ ಸಿಕ್ಕಿಸಿಟ್ಟರು. ಬಾಕಿ ಬೆಳೆಯಿತು. ಧಣಿಯ ಪುಸ್ತಕ ಹೋಗಿ ಈ ಚೀಟಿ ಬಂತು, ಹೆದರಿಕೆ ಹೋಗಲಿಲ್ಲ.

2023ರ ಜೂನ್‌ನಲ್ಲಿ ಕೊಪ್ಪಳದ ಭಾಗ್ಯನಗರದಲ್ಲಿ, ತಗಡಿನ ಶೆಡ್ಡಿನಲ್ಲಿದ್ದ ಒಬ್ಬ ಮುದುಕಿಗೆ ಒಂದು ಲಕ್ಷ ದಾಟಿದ ಬಿಲ್ಲು ಬಂತು. ಸುದ್ದಿಯವರು ಹೋದರು, ನಾಡೆಲ್ಲ ನೋಡಿತು. ತಪ್ಪು ತಮ್ಮದೇ ಅಂತ ಅಧಿಕಾರಿಗಳು ಒಪ್ಪಿದರು. ಕಟ್ಟಬೇಕಿಲ್ಲ ಅಂತ ಮಂತ್ರಿ ಹೇಳಿದರು. ಸರಿ. ಸುದ್ದಿಯವರು ಹೋಗದ ಗುಡಿಸಲಿನ ಲೆಕ್ಕ ಯಾರು ಕೇಳಬೇಕು?

ನಾವೇ ಕೇಳಬೇಕು ಗೆಳೆಯರೆ. 2003ರ ವಿದ್ಯುತ್ ಕಾಯ್ದೆ ಆ ಹಕ್ಕು ಕೊಟ್ಟಿದೆ. ಬಾಕಿಗಾಗಿ ಲೈನು ಕೀಳಬೇಕಾದರೆ 15 ದಿನ ಮುಂಚೆ ಬರಹದಲ್ಲಿ ನೋಟಿಸು ಕೊಡಬೇಕು. ಬಿಲ್ಲಿನ ಮೇಲೆ ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆ ಬರೆದು ಕಟ್ಟಿದರೆ ತೀರ್ಮಾನ ಆಗೋವರೆಗೆ ಲೈನು ಮುಟ್ಟುವಂತಿಲ್ಲ. ಬಿಲ್ಲಿನಲ್ಲಿ ಸತತವಾಗಿ ತೋರಿಸದ ಬಾಕಿಯನ್ನು, ಅದು ಕೊಡಬೇಕಾದ ದಿನದಿಂದ ಎರಡು ವರ್ಷ ಕಳೆದ ಮೇಲೆ ವಸೂಲು ಮಾಡುವಂತಿಲ್ಲ. ಮೆಸ್ಕಾಂ ಇರಲಿ ಬೇರೆ ಕಂಪನಿ ಇರಲಿ, ಗ್ರಾಹಕರ ಕುಂದುಕೊರತೆ ವೇದಿಕೆ ಇಡಲೇಬೇಕು. ಅಲ್ಲೂ ನ್ಯಾಯ ಸಿಗದಿದ್ದರೆ ಮೇಲೆ ಓಂಬುಡ್ಸ್‌ಮನ್ ಇದ್ದಾರೆ.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಕೋರಿಕೆ. ಕಳೆಯುವ ಲೆಕ್ಕ ಕಲಿಸುವ ದಿನ ಮಕ್ಕಳಿಗೆ ಅವರವರ ಮನೆಯ ಕರೆಂಟು ಬಿಲ್ಲು ತರಲು ಹೇಳಿ. ಈಗಿನ ರೀಡಿಂಗಿನಲ್ಲಿ ಹಿಂದಿನ ರೀಡಿಂಗು ಕಳೆದರೆ ಸುಟ್ಟ ಯೂನಿಟ್ಟು. ಮೀಟರಿನ ಮೇಲಿರುವ ಅಂಕಿಯನ್ನೂ ನೋಡಿ ಬರಲಿ. ತಾಳೆ ಆಗದಿದ್ದರೆ ಆ ಮಗುವೇ ಅರ್ಜಿ ಬರೆಯಲಿ, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬರಲಿ. ಹೆಬ್ಬೆಟ್ಟು ಒತ್ತಿದ ಕೈಯ ಮೊಮ್ಮಕ್ಕಳು ಲೆಕ್ಕ ಕೇಳಲಿ.