ಸೊನ್ನೆಯ ಹತ್ತಿರ ಹೋಗುವ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಪಿಯು ತರಗತಿಗಳಲ್ಲಿ ಗಣಿತ ಓದಿದವರೆಲ್ಲ ಲಿಮಿಟ್ ಹಿಡಿದು ಡೆರಿವೇಟಿವ್ ತೆಗೆದವರೇ. ಆ ಲೆಕ್ಕದ ಮುಳ್ಳು ಇರುವುದು ಸೊನ್ನೆಯಲ್ಲಿ.

ಕನ್ನಡನಾಡು ಈ ಮುಳ್ಳನ್ನು 9ನೇ ಶತಮಾನದಲ್ಲೇ ಮುಟ್ಟಿತ್ತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ, ಸುಮಾರು 850ರ ‘ಗಣಿತಸಾರಸಂಗ್ರಹ’ದಲ್ಲಿ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದ. ಹಂಚಿಕೊಳ್ಳುವವರೇ ಇಲ್ಲದಿದ್ದರೆ ರಾಶಿ ಹಾಗೇ ಉಳಿಯುತ್ತದಲ್ಲ ಎಂಬ ಲೋಕಜ್ಞಾನ ಇದರ ಹಿಂದಿರಬಹುದು.

ಪರೀಕ್ಷಿಸಿ ನೋಡೋಣ. 5 ಮೀಟರ್ ಬದಿಯ ಚೌಕ ಮಡಿಯ ಬದಿಯನ್ನು 0.1 ಮೀಟರ್ ಹಿಗ್ಗಿಸಿದರೆ ವಿಸ್ತೀರ್ಣ 25ರಿಂದ 26.01 ಚದರ ಮೀಟರಿಗೆ ಏರುತ್ತದೆ. ಹೆಚ್ಚಿದ 1.01ನ್ನು 0.1ರಿಂದ ಭಾಗಿಸಿದರೆ 10.1. ಹಿಗ್ಗು 0.01 ಆದರೆ 10.01, 0.001 ಆದರೆ 10.001. ಉತ್ತರ 10ರತ್ತ ಸರಿಯುತ್ತಿದೆ. ಹಿಗ್ಗನ್ನು ಮೊದಲೇ ಸೊನ್ನೆ ಮಾಡಿದರೋ, ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಬೇಕು. ಮಹಾವೀರನ ನಿಯಮದಂತೆ ಉತ್ತರವೂ ಸೊನ್ನೆ. 10 ಕೈತಪ್ಪಿತು.

1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯ ಗ್ರಹಗಳ ತಾತ್ಕಾಲಿಕ ಗತಿಯನ್ನು ಲೆಕ್ಕ ಹಾಕಿದ. 1821ರಲ್ಲಿ ಪ್ಯಾರಿಸ್ಸಿನ ಕೋಶಿ ಲಿಮಿಟ್ಟನ್ನೇ ಕಲನಶಾಸ್ತ್ರದ ಬುನಾದಿಯಾಗಿಸಿದ: ಸೊನ್ನೆಯಿಂದ ಭಾಗಿಸದೆ, ಸೊನ್ನೆಯ ಹತ್ತಿರ ಹೋಗುತ್ತ ಉತ್ತರ ಎತ್ತ ವಾಲುತ್ತದೆಂದು ನೋಡುವ ಉಪಾಯ.

ಮಹಾವೀರನಿಂದ ಕೋಶಿಯವರೆಗೆ ಹೆಚ್ಚುಕಡಿಮೆ ಸಾವಿರ ವರ್ಷ. ಅದನ್ನು ಬರೀ ಸೂತ್ರವಾಗಿ ಬಾಯಿಪಾಠ ಮಾಡಿಸಿದರೆ ಮಕ್ಕಳಿಗೆ ಅದರ ಕಷ್ಟವೂ ಕಾಣದು, ಸೊಗಸೂ ಕಾಣದು.