ಉಗ್ರಾಣಕ್ಕೆ ಎಷ್ಟು ಜಾಗ ಬಿಡಬೇಕು: ಹಗೇವಿನ ಕಾಲದಿಂದ ಒಂದು ಲೆಕ್ಕ

ಹೊಸ ಮನೆಯ ನಕ್ಷೆ ಬಂತು. ಅಡುಗೆಮನೆ ಮಗ್ಗುಲಲ್ಲಿ ನಾಲ್ಕಡಿ ಆರಡಿಯ ಒಂದು ಚೌಕ, ಅದರೊಳಗೆ 'ಸ್ಟೋರ್' ಅಂತ ಬರೆದಿದೆ. ಗೋಡೆ ತುಂಬ ಕಡಪ ಕಲ್ಲಿನ ಹಲಗೆ, ಗಾಜಿನ ಬಾಗಿಲು, ಸಾಲಾಗಿ ಡಬ್ಬಗಳು. ನೋಡೋಕೆ ಚೆನ್ನಾಗೇ ಇದೆ. ಅವ್ವ ಮಾತ್ರ ಚೌಕದ ಮೇಲೆ ಬೆರಳಿಟ್ಟು ಒಂದೇ ಮಾತು ಕೇಳಿದ್ಲು: "ರಾಗಿ ಎಲ್ಲಿ ಹಾಕ್ತೀಯ?"

ನನ್ನತ್ರ ಉತ್ತರ ಇರಲಿಲ್ಲ. ಹೋದ ವರ್ಷ ಆರು ಚೀಲ ರಾಗೀನ ಸಿಮೆಂಟ್ ನೆಲದ ಮೇಲೆ ಗೋಡೆಗೆ ಒರಗಿಸಿ ಇಟ್ಟಿದ್ದೆ. ಮಳೆಗಾಲ ಮುಗಿಯೋ ಹೊತ್ತಿಗೆ ಕೆಳಗಿನ ಎರಡು ಚೀಲ ಮುಗ್ಗಲು ಹಿಡಿದು ದನಕ್ಕೂ ಹಾಕೋ ಹಾಗಿರಲಿಲ್ಲ. ನಮ್ಮ ತಾತ ಇದೇ ರಾಗೀನ ನೆಲದೊಳಗೆ ಹೂತಿಟ್ಟು ವರ್ಷಗಟ್ಟಲೆ ತಿಂದವನು. ಅವನಿಗೆ ಗೊತ್ತಿದ್ದದ್ದು ನನಗೆ ಯಾಕೆ ಗೊತ್ತಿಲ್ಲ ಅಂತ ಕೇಳ್ತಾ ಹೋದಾಗ ಸಿಕ್ಕಿದ್ದನ್ನ ಇಲ್ಲಿ ಬರೀತಿದೀನಿ.

ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಮೈಸೂರು ಸೀಮೆ ಸುತ್ತಿ ನೋಡಿ ಬರೋಕೆ ಕಳಿಸ್ತು. ಯಾವ ಊರಲ್ಲಿ ಯಾವ ಬೆಳೆ, ಎಂಥ ನೇಗಿಲು, ಏನು ಕೂಲಿ, ಎಲ್ಲಾ ಬರಕೊಂಡ. 1807ರಲ್ಲಿ ಅದು ಮೂರು ಸಂಪುಟವಾಗಿ ಅಚ್ಚಾಯ್ತು. ನಮ್ಮ ರಾಗಿ ಹಗೇವೂ ಅದರಲ್ಲಿದೆ. ಅವನಿಗೆ ಅದು ವಿಚಿತ್ರ ಅನ್ನಿಸಿರಬೇಕು, ನಮ್ಮೋರಿಗೆ ಮನೆ ಮುಂದಿನ ಗುಂಡಿ ಅಷ್ಟೇ.

ಹಗೇವು ನೋಡದ ಹುಡುಗರಿಗಾಗಿ ಹೇಳ್ತೀನಿ. ಊರ ಎತ್ತರದ ಜಾಗದಲ್ಲಿ, ಮಳೆನೀರು ನಿಲ್ಲದ ಗಟ್ಟಿ ಮಣ್ಣಿನಲ್ಲಿ ತೋಡೋದು. ಬಾಯಿ ಒಬ್ಬ ಆಳು ಇಳಿಯೋಷ್ಟು ಮಾತ್ರ, ಒಳಗೆ ಹೋಗ್ತಾ ಹೋಗ್ತಾ ಗುಡಾಣದ ಹಾಗೆ ಅಗಲ. ಒಳಗೆ ಬೆಂಕಿ ಹಾಕಿ ಗೋಡೆಯ ತೇವ ಆರಿಸಿ, ತಳಕ್ಕೂ ಸುತ್ತಲಿಗೂ ರಾಗಿ ಹುಲ್ಲು ದಪ್ಪಗೆ ಕೊಡೋದು. ಚೆನ್ನಾಗಿ ಒಣಗಿದ ರಾಗಿ ತುಂಬಿ, ಮೇಲೆ ಮತ್ತೆ ಹುಲ್ಲು ಹಾಕಿ, ಚಪ್ಪಡಿ ಮುಚ್ಚಿ, ಸಂದಿಗೆ ಮಣ್ಣು ಮೆತ್ತಿದರೆ ಕೆಲಸ ಮುಗೀತು.

ಒಳಗೆ ಏನಾಗುತ್ತೆ ನೋಡಿ. ಕಾಳು ಅಂದ್ರೆ ಜೀವ, ಅದೂ ಉಸಿರಾಡುತ್ತೆ. ಅದರ ಜೊತೆ ಸೇರಿದ ಹುಳವೂ ಉಸಿರಾಡುತ್ತೆ. ಮುಚ್ಚಿದ ಗುಂಡಿಯಲ್ಲಿದ್ದ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತೆ. ಹುಳ ಸಾಯುತ್ತೆ, ಕಾಳು ಸುಮ್ಮನೆ ಮಲಗುತ್ತೆ. ಔಷಧಿ ಬೇಡ, ಮಾತ್ರೆ ಬೇಡ. ಅದರ ಮೇಲೆ ರಾಗಿ ಕಾಳು ಸಣ್ಣದು, ಸಿಪ್ಪೆ ಒಗರು, ಹುಳಕ್ಕೆ ಕೊರೆಯೋಕೇ ಕಷ್ಟ. ಭತ್ತ, ಜೋಳಕ್ಕಿಂತ ರಾಗಿ ಬಾಳಿಕೆ ಬರೋದು ಅದಕ್ಕೇ.

ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತೆ. ಹಗೇವು ತೆಗೆದ ತಕ್ಷಣ ಯಾರೂ ಇಳೀತಿರಲಿಲ್ಲ. ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಬಿಡೋರು. ದೀಪ ಆರಿದ್ರೆ ಇನ್ನೂ ಕಾಯಬೇಕು. ಕಾಯದೆ ಇಳಿದೋರು ಸತ್ತ ಕತೆ ರಾಗಿ ಸೀಮೆಯಲ್ಲಿ ಕೇಳ್ತಾನೇ ಇರ್ತೀವಿ. ಹಳೇ ಹಗೇವು ಕಂಡ್ರೆ ಫೋಟೋ ತೆಗೆಯೋಕೆ ಅಂತ ಇಳೀಬೇಡಿ.

ಹಗೇವಿನ ರಾಗಿಗೆ ಒಂಥರಾ ಮುಗ್ಗು ವಾಸನೆ. ಅವ್ವ ಈಗಲೂ ಮೂಗು ಮುರೀತಾಳೆ, ತಾತನಿಗೆ ಅದೇ ರುಚಿ. ಬಿತ್ತನೆಗೆ ಮಾತ್ರ ಆ ರಾಗಿ ತೆಗೀತಿರಲಿಲ್ಲ, ಮೊಳಕೆ ನಂಬೋಕಾಗಲ್ಲ ಅಂತ. ಬೀಜದ ತೆನೆ ಒಲೆ ಮೇಲಿನ ಅಟ್ಟದಲ್ಲಿ ಹೊಗೆ ಕುಡೀತಾ ತೂಗಾಡೋದು. ಬೀಜದ ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟೋರು, ಇಲ್ಲಾ ಬೂದಿ ಬೆರೆಸೋರು, ಯಾಕಂದ್ರೆ ಕಾಳಿನ ಹುಳ ಹೊಲದಲ್ಲೇ ಕಾಯಿ ಮೇಲೆ ಮೊಟ್ಟೆ ಇಟ್ಟು ಮನೆಗೆ ಬರುತ್ತೆ. ಗ್ಯಾಸ್ ಒಲೆ ಬಂದ ಮೇಲೆ ಅಟ್ಟ ಇದ್ರೂ ಹೊಗೆ ಇಲ್ಲ. ಹೆಂಗಸರ ಕಣ್ಣಿಗೆ ಒಳ್ಳೇದಾಯ್ತು, ಅದನ್ನ ನಾನು ಬೈಯಲ್ಲ. ಆದ್ರೆ ಬೀಜ ಬೇರೆ ಜಾಗ ಹುಡುಕಬೇಕಾಯ್ತು.

ಅಂದ್ರೆ ಹಳೇ ಮನೆಯ ಉಗ್ರಾಣ ಒಂದು ಕೋಣೆ ಆಗಿರಲಿಲ್ಲ. ವಾರದ ಹಿಟ್ಟು, ಬೇಳೆ ಅಡುಗೆಮನೆಯ ಮಡಕೆ ಸಾಲಿನಲ್ಲಿ. ವರ್ಷದ ದವಸ ನಡುಮನೆಯ ವಾಡೆಯಲ್ಲಿ, ಇಲ್ಲಾ ಸಗಣಿ ಬಳಿದ ಬಿದಿರಿನ ಕಣಜದಲ್ಲಿ. ಬರಗಾಲದ್ದು ನೆಲದೊಳಗೆ. ಮಲೆನಾಡಿನೋರಿಗೆ ಹಗೇವು ಆಗಲ್ಲ, ಗುಂಡಿ ತೋಡಿದ್ರೆ ಒರತೆ. ಅವರು ಮೇಲಕ್ಕೆ ಹೋದ್ರು, ಮರದ ಅಟ್ಟ, ಎತ್ತರಿಸಿದ ಕಣಜ. ನಾರ್ವೆ ದೇಶದ ರೈತರೂ ಹೀಗೇ. ಇಡೀ ಮರದ ದಿಮ್ಮಿ ಪೇರಿಸಿ ಮನೆ ಕಟ್ಟೋ ಜನ, ದವಸಕ್ಕೆ ಅಂಥದ್ದೇ ಇನ್ನೊಂದು ಪುಟ್ಟ ಮನೇನ ಕಂಬಗಳ ಮೇಲೆ ನಿಲ್ಲಿಸ್ತಿದ್ರು. ಅದಕ್ಕೆ ಸ್ಟಬ್ಬೂರ್ ಅಂತ ಹೆಸರು. ಮೆಟ್ಟಿಲನ್ನ ಬಾಗಿಲಿಗೆ ತಾಗಿಸದೆ ನಡುವೆ ಸಂದಿ ಬಿಡ್ತಿದ್ರು, ಇಲಿ ಹತ್ತದಿರಲಿ ಅಂತ. ಮಣ್ಣು ಬೇರೆ, ಮಳೆ ಬೇರೆ, ಇಲಿ ಅದೇ.

ಹಗೇವು ಇತ್ತು, ಹಾಗಾಗಿ ಎಲ್ಲಾ ಸುಖವಾಗಿತ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. 1876ರಿಂದ 78ರ ಧಾತು ಈಶ್ವರ ಬರದಲ್ಲಿ ಮೈಸೂರು ಸೀಮೆ ಖಾಲಿಯಾಯ್ತು. 1871ರ ಜನಗಣತಿಯಲ್ಲಿ 50 ಲಕ್ಷ ಇದ್ದ ಜನ 1881ರಲ್ಲಿ 42 ಲಕ್ಷ. ಹಗೇವು ಇರೋದು ಹೊಲ ಇದ್ದೋನ ಮನೆ ಮುಂದೆ. ಕೂಲಿಯವನ ಮನೇಲಿ ಮಡಕೆಯೂ ತುಂಬ್ತಿರಲಿಲ್ಲ. ಹಗೇವಿನ ಸಾಹುಕಾರ ಆಷಾಢದಲ್ಲಿ ರಾಗಿ ಸಾಲ ಕೊಟ್ಟು ಸುಗ್ಗೀಲಿ ಬಡ್ಡಿ ಸೇರಿಸಿ ರಾಗೀನೇ ಅಳೆದುಕೊಳ್ಳೋನು. ನಮ್ಮ ಮನೇಲೂ ಹಾಗೆ ಅಳೆದುಕೊಂಡಿದ್ದಾರೆ, ಮುಚ್ಚಿಡೋದೇನು.

ಹಗೇವು ಹೋಗಿದ್ದಕ್ಕೆ ಒಂದೇ ಕಾರಣ ಇಲ್ಲ. ನಾಲೆ ನೀರು ಬಂದ ಕಡೆ ನೆಲದ ತೇವ ಏರ್ತು. ಊರು ಬೆಳೆದು ಎತ್ತರದ ಜಾಗ ಸೈಟಾಯ್ತು. ಲೆವಿ ಕಾಲದಲ್ಲಿ ಅಧಿಕಾರಿ ಬಂದ್ರೆ ಹಗೇವಿನ ಮೇಲೆ ತಿಪ್ಪೆ ಎಳೀತಿದ್ವಿ ಅಂತ ಹಿರಿಯರು ನಗ್ತಾರೆ. ಆಮೇಲೆ ನ್ಯಾಯಬೆಲೆ ಅಂಗಡಿ ಬಂತು, 2013ರಲ್ಲಿ ಅನ್ನಭಾಗ್ಯ. ಹಸಿದವನು ಸಾಹುಕಾರನ ಬಾಗಿಲಿಗೆ ಹೋಗೋದು ತಪ್ತು, ಅದು ದೊಡ್ಡದು. ಆದ್ರೆ ಬೆಳೆಯೋ ನಾವೂ ಕಣದಿಂದಲೇ ಲಾರಿಗೆ ಹಾಕೋದು ಕಲಿತ್ವಿ. ಸುಗ್ಗೀಲಿ ಎಲ್ಲರೂ ಮಾರುವಾಗ ಬಿದ್ದ ರೇಟಿಗೆ ಮಾರಿ, ಮಳೆಗಾಲದಲ್ಲಿ ಪ್ಯಾಕೆಟ್ ಹಿಟ್ಟು ತರ್ತೀವಿ. ನಕ್ಷೆ ಬರೆದ ಹುಡುಗನ ತಪ್ಪಿಲ್ಲ, ಅವನು ನಮ್ಮ ಈಗಿನ ಬಾಳು ನೋಡಿ ತಿಂಗಳಿನ ದಿನಸಿಗೆ ಕೋಣೆ ಬರೆದಿದ್ದಾನೆ.

ಇನ್ನೊಂದು ವಿಷಯ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದೋರು 1980ರ ದಶಕದ ಕೊನೇಲಿ ಆಫ್ರಿಕಾದ ಕ್ಯಾಮರೂನ್ ದೇಶದ ಅಲಸಂದೆ ರೈತರಿಗಾಗಿ ಮೂರು ಪದರದ ಚೀಲ ಮಾಡಿದ್ರು. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ಗೊಬ್ಬರದ ಚೀಲದಂಥ ನೇಯ್ದದ್ದು. ಗಾಳಿ ಹಿಂಡಿ ಬಿಗಿಯಾಗಿ ಕಟ್ಟಿದ್ರೆ ಹುಳ ಉಸಿರು ಸಿಗದೆ ಸಾಯುತ್ತೆ. ನಮ್ಮ ಹಗೇವಿನ ಲೆಕ್ಕವೇ, ಗುಂಡಿ ಬದಲು ಚೀಲ.

ನಮ್ಮ ಲೆಕ್ಕ ಹೀಗೆ ಹಾಕಿದೀನಿ. ಐದು ಜನಕ್ಕೆ ವರ್ಷಕ್ಕೆ ಮೂರು ಕ್ವಿಂಟಾಲ್ ರಾಗಿ. ಎಲ್ಲಾ ಕಡೆ ಎರಡೂವರೆ ಅಡಿ ಇರೋ ಪೆಟ್ಟಿಗೇಲಿ ಅಷ್ಟು ಹಿಡಿಯುತ್ತೆ. ಎರಡು ವರ್ಷದ್ದು ಬೇಕು ಅಂದ್ರೆ ಅಂಥವು ಎರಡು. ಹಾಗಾಗಿ ಕೋಣೆ ಎಂಟಡಿ ಆರಡಿ ಆಯ್ತು, ಉತ್ತರದ ಗೋಡೆಗೆ, ಬಚ್ಚಲ ಗೋಡೆಗೆ ತಾಗದ ಹಾಗೆ. ನೆಲದಿಂದ ಒಂದಡಿ ಮೇಲೆ ಹಲಗೆ, ಗೋಡೆಯಿಂದ ಒಂದಡಿ ಬಿಟ್ಟು ಚೀಲ, ಹಿಂದೆ ಕೈಯಾಡಿಸಿ ನೋಡೋಕೆ. ರಾಗಿ ಹಲ್ಲಿಗೆ ಕಟಕ್ ಅನ್ನೋವರೆಗೂ ಒಣಗಿಸಿ ಆಮೇಲೆ ಕಟ್ಟೋದು, ಹಸಿ ಕಾಳನ್ನ ಬಿಗಿಯಾಗಿ ಮುಚ್ಚಿದ್ರೆ ಹುಳದ ಬದಲು ಬೂಷ್ಟು ತಿನ್ನುತ್ತೆ. ಮುಂದಿನ ಗೋಡೆಗೆ ಕಡಪದ ಹಲಗೆ, ಗಾಜಿನ ಬಾಗಿಲು ಹಾಗೇ ಇರಲಿ ಅಂದೆ. ಹೆಂಡತಿಗೂ ಚೆಂದದ ಆಸೆ ಇರುತ್ತಲ್ಲ.

ತಾತನ ಹಗೇವಿನ ಚಪ್ಪಡಿ ಈಗ ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲು. ನಿಮ್ಮೂರಲ್ಲಿ ಯಾರ ಮನೇಲಾದ್ರೂ ವಾಡೆ ಒಡೆಯದೆ ಉಳಿದಿದ್ರೆ ತಿಳಿಸಿ, ಅಳತೆ ತಗೊಂಡು ಹೋಗ್ತೀನಿ.